ಯಾರೂ ಮುಟ್ಟದ ಸ್ಲಾಟು

ಕಂಪ್ಯೂಟರ್ ಅಂಗಡಿಯೊಂದರಲ್ಲಿ, ಎಂದೂ ಹಳತಾಗಬಾರದೆಂದು ಹಠ ತೊಟ್ಟ ದೊಡ್ಡ ಮದರ್‌ಬೋರ್ಡೊಂದಿತ್ತು. ಒಂದು ದಿನ ಗ್ರಾಫಿಕ್ಸ್ ಕಾರ್ಡೊಂದು ಬಂದು, “ಅಮ್ಮಾ, ನಿಮ್ಮ ಸ್ಲಾಟಿನಲ್ಲಿ ಜಾಗ ಕೊಡುವಿರಾ?” ಎಂದು ಕೇಳಿತು.

“ನಿನಗಿಂತ ವೇಗದವರು ಮುಂದೆ ಬರುತ್ತಾರಪ್ಪ. ಈ ಜಾಗ ಅವರದು” ಎಂದು ಬೋರ್ಡು ಸ್ಲಾಟಿನ ಕ್ಲಿಪ್ಪನ್ನು ಬಿಗಿಹಿಡಿಯಿತು.

ಕಾರ್ಡು ಹೋಗಿ ಪಕ್ಕದ ಪುಟ್ಟ ಬೋರ್ಡಿನಲ್ಲಿ ಕೂತಿತು. ಅಲ್ಲಿ ದಿನವೂ ಕಂಪ್ಯೂಟರ್ ಆಟ ನಡೆಯಿತು. ಪುಟ್ಟ ಬೋರ್ಡಿನ ಮೈ ಬಿಸಿಯೇರುವುದನ್ನು ಕಂಡು ದೊಡ್ಡದು, “ಪಾಪ, ಸವೆದುಹೋಗುತ್ತಾಳೆ” ಎಂದು ಮರುಗಿತು.

ನಾಲ್ಕು ವರ್ಷದ ಮೇಲೆ ಹೊಸ ಕಾರ್ಡು ಬಂದೇ ಬಂತು. ದೊಡ್ಡ ಬೋರ್ಡು ಸಡಗರದಿಂದ ಕ್ಲಿಪ್ಪು ಸಡಿಲಿಸಿ, “ಬಾರಪ್ಪ, ನಿನಗೆಂದೇ ಇಟ್ಟ ಜಾಗ. ಇದುವರೆಗೆ ಯಾರೂ ಮುಟ್ಟಿಲ್ಲ” ಎಂದಿತು.

“ಹಾಗಾದರೆ ನೀವು ಕೆಲಸ ಮಾಡುತ್ತೀರೆಂದು ಹೇಳುವವರು ಯಾರಮ್ಮ?” ಎಂದು ಕೇಳಿ ಹೊಸ ಕಾರ್ಡು ಪುಟ್ಟ ಬೋರ್ಡಿನ ಕಡೆ ತಿರುಗಿತು. ಅಲ್ಲಿ ಹಳೆಯ ಕಾರ್ಡು ಎದ್ದು ಜಾಗ ಬಿಟ್ಟುಕೊಡುತ್ತಿತ್ತು.