ಮಜ್ಜಿಗೆ ಕುಡಿದ ರಸ್ತೆ

ಕೃಷ್ಣಾ ನದಿಯಿಂದ ತುಸು ದೂರದಲ್ಲಿ, ಬೇವಿನ ಮರದ ಕೆಳಗೆ, ಒಂದು ತಗಡಿನ ಶೆಡ್ಡು ಇತ್ತು. ಸುತ್ತಲಿನ ಊರಿನವರು ಅದನ್ನು ಗಾಲಿಮಠ ಎನ್ನುತ್ತಿದ್ದರು. ಮೊದಮೊದಲು ಚೇಷ್ಟೆಗೆ ಅಂದದ್ದು, ಆಮೇಲೆ ಅದೇ ಹೆಸರಾಗಿಹೋಯಿತು.

ಮಠದ ಗುರುಗಳು ಮಲಕಾರಪ್ಪನವರು. ಕಾವಿಯಿಲ್ಲ, ಪೀಠವಿಲ್ಲ. ಇದ್ದದ್ದು ಒಂದು ಹಳೆಯ ಸೈಕಲ್ಲು, ಒಂದು ಪಂಪು, ಬಹಳ ಕಡಿಮೆ ಮಾತು. ಪ್ರಾಯದಲ್ಲಿ ಸೈಕಲ್ ಸ್ಪರ್ಧೆಗಳಲ್ಲಿ ಹೆಸರು ಮಾಡಿದವರು. ಈಗ ಏಳೆಂಟು ಮಂದಿಗೆ ಸೈಕಲ್ ಹೊಡೆಯುವುದನ್ನು ಕಲಿಸುತ್ತಿದ್ದರು.

ಮಠದ ನೇಮ ಎರಡೇ. ಬೆಳಿಗ್ಗೆ ಸೈಕಲ್ ಹತ್ತುವ ಮುಂಚೆ ಬರಿ ಅಂಗೈಯಿಂದ ಗಾಲಿ ಒರೆಸಿ, ಚುಚ್ಚಿಕೊಂಡ ಜಾಲಿಮುಳ್ಳು ತೆಗೆಯಬೇಕು. ಅವರವರ ಗಾಲಿಗೆ ಅವರವರೇ ಗಾಳಿ ಹಾಕಿಕೊಳ್ಳಬೇಕು, ಇನ್ನೊಬ್ಬರ ಗಾಲಿ ಮುಟ್ಟುವಂತಿಲ್ಲ. ಗುರುಗಳಂತೂ ತಮ್ಮ ಸೈಕಲ್ಲಿನ ಹತ್ತಿರಕ್ಕೂ ಯಾರನ್ನೂ ಬಿಟ್ಟುಕೊಂಡವರಲ್ಲ.

ಶಿಷ್ಯರಲ್ಲಿ ಸೇವಂತಾ ಎಂಬವಳಿಗೆ ಗೆಲ್ಲುವ ಹಸಿವು ಜಾಸ್ತಿ. ಎರಡು ವರ್ಷ ಆಯ್ಕೆ ಸ್ಪರ್ಧೆಗೆ ಹೋಗಿದ್ದಳು. ಎರಡು ಸಲವೂ ಎರಡನೆಯವಳಾಗಿ ಬಂದಿದ್ದಳು. ರಾಜ್ಯ ತಂಡಕ್ಕೆ ಹೋಗುವುದು ಮೊದಲು ಬಂದವಳೊಬ್ಬಳೇ. ಬರುವ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತದೆ. ಹಾಗಾಗಿ ಇದೇ ಕಡೆಯ ಸಲ, ಅದಕ್ಕೂ ಇನ್ನು ಹದಿನೈದೇ ದಿನ.

ಒಂದು ಬೆಳಿಗ್ಗೆ ಸೇವಂತಾ ಎರಡು ಜೋಡಿ ಟೈರು ಹೆಗಲಿಗೆ ಹಾಕಿಕೊಂಡು ಬಂದಳು.

"ಗುರುಗಳ, ನಮ್ಮ ಮಾವ ಟೈರು ಕೊಡಸ್ತಾನ್ರಿ. ಅಂಗಡಿಯವರು ನಿಮ್ಮ ಹಳೇ ಶಿಷ್ಯರಂತ. ಎರಡೂ ಹಚ್ಚಿ ನೋಡು, ಬ್ಯಾಡಾದದ್ದು ವಾಪಸ್ ಕೊಡು ಅಂದಾರ."

ಒಂದು ಜೋಡಿ ಕಿರುಬೆರಳಿನಷ್ಟು ತೆಳು. ಇನ್ನೊಂದು ಅದಕ್ಕಿಂತ ತುಸು ಅಗಲ, ಹಿಡಿದರೆ ಬಟ್ಟೆಯ ಹಾಗೆ ಬಳುಕುತ್ತಿತ್ತು. ಎರಡೂ ಸ್ಪರ್ಧೆಯ ಟೈರುಗಳೇ.

"ಇವ್ರಾಗ ಯಾವುದು ಜೋರು ಓಡ್ತದ್ರಿ?"

"ನಿನಗ ಯಾವುದು ಅನಸ್ತದ?"

"ತೆಳುಂದು. ಗಾಳಿ ಗಚ್ಚಾಗಿ ಹಾಕಿದ್ರ ಕಲ್ಲಿನಂಗ ಆಗ್ತದ. ಕಲ್ಲಿನಂಗ ಇದ್ರ ಜೋರು ಓಡ್ತದ."

"ಹಚ್ಚು" ಎಂದರು ಗುರುಗಳು.

ಸೇವಂತಾ ತೆಳು ಟೈರು ಹಚ್ಚಿದಳು. ಪಂಪಿನ ಗೇಜಿನ ಮುಳ್ಳು ನೂರಾ ಇಪ್ಪತ್ತು ಪೌಂಡಿಗೆ ಹೋಗುವ ತನಕ ಗಾಳಿ ಹೊಡೆದಳು. ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಅವಳಿಗೆ ಅಲ್ಲೇ ಅರ್ಧ ಗೆದ್ದಷ್ಟು ಸಂತೋಷವಾಯಿತು.

ಗುರುಗಳು ಒಳಗೆ ಹೋಗಿ ತಮ್ಮ ಮಧ್ಯಾಹ್ನದ ಊಟದ ತಂಬಿಗೆ ತಂದರು. ಅದರ ತುಂಬ ಮಜ್ಜಿಗೆ. ಮುಚ್ಚಳ ತೆಗೆದು, ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ಬಿಗಿಯಾಗಿ ಕಟ್ಟಿದರು.

"ಹೊಳೀ ದಂಡೀತನಕ ಹೋಗಿ ಬಾ. ಇದ್ದಷ್ಟು ಜೋರು ಹೊಡಿ."

ನದಿಯ ಕಡೆಗೆ ಹೋಗುವುದು ಡಾಂಬರು ಕಿತ್ತುಹೋದ ರಸ್ತೆ. ಹೋಗಿ ಬರಲು ಮೂರು ಕಿಲೋಮೀಟರು. ಸೇವಂತಾ ಹಲ್ಲು ಕಚ್ಚಿ ಹೊಡೆದು ಬಂದಳು. ಗುರುಗಳು ಗಡಿಯಾರ ನೋಡಿ ಕಿಸೆಗೆ ಹಾಕಿಕೊಂಡರು. ತಂಬಿಗೆಯಲ್ಲಿ ಇಣುಕಿದರು. ಅರ್ಧವೂ ಉಳಿದಿರಲಿಲ್ಲ.

"ಉಳಿದದ್ದು ಎಲ್ಲಿ ಹೋತು?"

"ಚೆಲ್ಲಿತ್ರಿ."

"ಯಾರು ಕುಡದ್ರು?"

ಇದೆಂಥ ಪ್ರಶ್ನೆ ಎಂದು ಅವಳಿಗೆ ನಗು ಬಂತು. "ರಸ್ತೆ ಕುಡೀತ್ರಿ."

"ಬರೇ ಮಜ್ಜಿಗಿ ಅಷ್ಟ ಕುಡೀತೇನು?"

ಸೇವಂತಾ ನಗುವುದನ್ನು ಬಿಟ್ಟಳು. ಅವಳ ಕೈಗಳು ಇನ್ನೂ ಜುಮುಗುಡುತ್ತಿದ್ದವು. ತೊಡೆಗಳು ನಡುಗುತ್ತಿದ್ದವು. ಮೂರೇ ಕಿಲೋಮೀಟರಿಗೆ ಇಷ್ಟೊಂದು ದಣಿದದ್ದು ಅವಳಿಗೆ ನೆನಪಿರಲಿಲ್ಲ.

ಗುರುಗಳು ಉಳಿದ ಮಜ್ಜಿಗೆ ಕುಡಿದು, ಮನೆಯಿಂದ ಇನ್ನೊಂದು ತುಂಬಿದ ತಂಬಿಗೆ ತರಿಸಿದರು. ಅಗಲದ ಟೈರು ಹಚ್ಚಿಸಿದರು. ಅರವತ್ತೈದು ಪೌಂಡಿಗೆ ನಿಲ್ಲಿಸು ಎಂದು ಕೈ ತೋರಿಸಿದರು. ಸೇವಂತಾ ಒಲ್ಲದ ಮನಸ್ಸಿನಿಂದ ಹೊರಟಳು. ತಿರುಗಿ ಬಂದಾಗ ಅವಳ ಮುಖ ಸಪ್ಪಗಿತ್ತು.

"ಇದು ಓಡಂಗಿಲ್ರಿ ಗುರುಗಳ. ಸಪ್ಪಳನ ಇಲ್ಲ."

ಗುರುಗಳು ಗಡಿಯಾರ ಅವಳ ಮುಂದೆ ಹಿಡಿದರು. ಮೊದಲ ಸಲಕ್ಕಿಂತ ಹದಿನೆಂಟು ಸೆಕೆಂಡು ಮುಂಚೆ ಬಂದಿದ್ದಳು. ಅದೂ ದಣಿದ ಕಾಲಿನಲ್ಲಿ.

ತಂಬಿಗೆಯಿಂದ ಚೆಲ್ಲಿದ್ದು ಒಂದು ಬೆರಳಿನಷ್ಟು ಮಾತ್ರ.

"ಯಾವುದು ವಾಪಸ್ ಕೊಡ್ತಿ?" ಎಂದರು ಗುರುಗಳು.

ಸೇವಂತಾ ತೆಳು ಟೈರುಗಳನ್ನು ಕಟ್ಟಿಟ್ಟಳು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದನ್ನು ಅಂಗಡಿಯವರೂ ಹೇಳಬಹುದಿತ್ತು. ಆದರೆ ಸೇವಂತಾ ಜಾಣೆ. ಜಾಣರಿಗೆ ಒಂದು ಮಾತು ಸಿಕ್ಕರೆ ಅದನ್ನು ಕೊನೆಯವರೆಗೂ ಎಳೆಯದೆ ಸಮಾಧಾನವಿಲ್ಲ.

ಗಾಳಿ ಇಳಿಸಿದರೆ ವೇಗ ಬರುತ್ತದೆ ಅಂದಮೇಲೆ ಇನ್ನೂ ಇಳಿಸಿದರೆ ಇನ್ನೂ ಬರಬೇಕಲ್ಲ? ಎರಡು ದಿನ ಬಿಟ್ಟು ಯಾರಿಗೂ ಹೇಳದೆ ನಲವತ್ತಕ್ಕೆ ಇಳಿಸಿಕೊಂಡು ಹೊರಟಳು. ಒಂಬತ್ತು ಕಿಲೋಮೀಟರು ದೂರದಲ್ಲಿ ಒಂದು ಕಲ್ಲು ಗಾಲಿಗೆ ಸಿಕ್ಕಿತು. ಮೆತ್ತಗಿದ್ದ ಟೈರು ರಿಮ್ಮಿನ ತನಕ ಒತ್ತಿಕೊಂಡಿತು. ಟ್ಯೂಬಿಗೆ ಹಾವು ಕಚ್ಚಿದಂತೆ ಪಕ್ಕಪಕ್ಕ ಎರಡು ತೂತು ಬಿದ್ದವು.

ಆತುರಕ್ಕೆ ಪಂಚರ್ ಸಾಮಾನನ್ನೂ ಮಠದಲ್ಲೇ ಬಿಟ್ಟಿದ್ದಳು. ಸೈಕಲ್ ಹೊತ್ತುಕೊಂಡು ಬಿಸಿಲಿನಲ್ಲಿ ನಡೆದು ಬಂದಳು.

ಗುರುಗಳು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ನೋಡಿದರು.

"ಯಾಕ ಇಳಿಸಿದಿ?"

"ನೀವ ಹೇಳಿದ್ರೆಲ್ರಿ, ಮೆತ್ತಗಿದ್ದಷ್ಟು ಜೋರು ಅಂತ."

"ನಾ ಯಾವಾಗ ಹೇಳಿದೆ?"

ಸೇವಂತಾ ನೆನಪು ಮಾಡಿಕೊಂಡಳು. ಹೌದು, ಗುರುಗಳು ಹೇಳಿರಲಿಲ್ಲ. ಅವರು ಮಜ್ಜಿಗೆ ಕುಡಿದಿದ್ದರು, ಅಷ್ಟೇ.

ಅವಳಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು. "ಹಂಗಾರ ನೀವ ಒಂದು ಲೆಕ್ಕ ಹೇಳಿಬಿಡ್ರಿ ಗುರುಗಳ. ಅವತ್ತಿನ ಅರವತ್ತೈದೋ, ಎಪ್ಪತ್ತೋ. ನಾ ಅಷ್ಟ ಹಾಕೋತೀನಿ. ಇದು ನನ್ನ ಕಡೇ ಸಲ ಅದ್ರಿ. ನಿಮಗ ಎಲ್ಲಾ ಆಟ."

"ಆಟನ ಅಲ್ಲೇನು ತಂಗಿ?" ಎಂದರು ಗುರುಗಳು.

ಆಮೇಲೆ ಎದ್ದು ಹೋಗಿ ಪಂಪಿನ ಗೇಜನ್ನು ತಿರುವಿ ಬಿಚ್ಚಿದರು. ಅದನ್ನು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು.

"ಇನ್ನ ಗಾಳಿ ಹಾಕು."

"ಗೇಜಿನ ಮುಳ್ಳು ನೋಡದ ಹೆಂಗ ಹಾಕಲ್ರಿ?"

ಗುರುಗಳು ಬಗ್ಗಿ, ನೆಲದ ಧೂಳಿನಲ್ಲಿ ತಮ್ಮ ಹೆಬ್ಬೆರಳು ಒತ್ತಿದರು. ಗುರುತು ಮೂಡಿತು.

"ನಿನ್ನ ಗಾಲಿ ನೆಲಕ್ಕ ಹತ್ತೋದು ಇಷ್ಟ ಜಾಗ. ಮುಂದ ಇಷ್ಟು, ಹಿಂದ ಇಷ್ಟು. ಇದನ್ನ ತಿಳಕೊಳ್ಳಾಕ ಒಂದು ಬೆರಳು ಸಾಲೂದಿಲ್ಲೇನು?"

ಆವತ್ತಿನಿಂದ ಸೇವಂತಾಳ ಪಾಡು ನೋಡುವ ಹಾಗಿರಲಿಲ್ಲ. ದಿನಾ ಗಾಳಿ ಹಾಕುವಳು, ಹೆಬ್ಬೆರಳಿನಿಂದ ಒತ್ತುವಳು, ಹೊರಡುವಳು. ಒಂದು ದಿನ ಗಟ್ಟಿಯಾಗಿ ಕೈ ಜುಮುಗುಡುತ್ತಿತ್ತು. ಒಂದು ದಿನ ಮೆತ್ತಗಾಗಿ ತಿರುವಿನಲ್ಲಿ ಸೈಕಲ್ಲು ಅಡ್ಡ ಸರಿಯುತ್ತಿತ್ತು. ಗುರುಗಳನ್ನು ಕೇಳಿದರೆ ಅವರು ನದಿಯ ಕಡೆ ನೋಡುತ್ತಿದ್ದರು.

ಐದನೆಯ ದಿನ ಅವಳು ಕೇಳುವುದನ್ನು ಬಿಟ್ಟಳು.

ಎಂಟನೆಯ ದಿನ ಮುಂದಿನ ಗಾಲಿಗಿಂತ ಹಿಂದಿನದು ಚೂರು ಗಟ್ಟಿ ಬೇಡುತ್ತದೆ ಎಂದು ತಾನಾಗಿಯೇ ಕಂಡುಕೊಂಡಳು. ಮೈಭಾರ ಬೀಳುವುದು ಹಿಂದೆ.

ಬೆಳಿಗ್ಗೆ ಅಂಗೈಯಿಂದ ಗಾಲಿ ಒರೆಸುವಾಗ ಮುಂಚೆ ಅವಳು ಮುಳ್ಳನ್ನಷ್ಟೇ ಹುಡುಕುತ್ತಿದ್ದಳು. ಈಗ ಕೈ ನಿಧಾನವಾಗಿತ್ತು.

ಸ್ಪರ್ಧೆಯ ದಿನ ಬಂತು. ಪಟ್ಟಣದಿಂದ ಹೊರಟು, ಸುತ್ತಿ ಅಲ್ಲಿಗೇ ಬರುವ ನಲವತ್ತು ಕಿಲೋಮೀಟರಿನ ಹಾದಿ. ಸೈಕಲ್ಲುಗಳೆಲ್ಲ ಸಾಲಾಗಿ ನಿಂತ ಮೇಲೆ ಮೈಕಿನಲ್ಲಿ ಒಂದು ಸುದ್ದಿ ಕೂಗಿದರು. ಸೇತುವೆಯ ಕೆಲಸ ನಡೆದಿದೆ, ಆದ್ದರಿಂದ ಕೊನೆಯ ಎಂಟು ಕಿಲೋಮೀಟರು ಹಳೇ ಕಲ್ಲುಗಣಿಯ ರಸ್ತೆಯಲ್ಲಿ ಹೋಗಬೇಕು, ಹೊರಡಲು ಇನ್ನು ಹತ್ತು ನಿಮಿಷ ಇದೆ.

ಪಂಪುಗಳ ಸುತ್ತ ನೂಕುನುಗ್ಗಲಾಯಿತು. ಒಬ್ಬಳು ಗಾಳಿ ಇಳಿಸೋಣ ಎಂದಳು, ಅವಳ ಕೋಚ್ ಬೇಡ ಎಂದರು. ಇನ್ನೊಬ್ಬಳು ಫೋನಿನಲ್ಲಿ ಯಾರನ್ನೋ ಕೇಳುತ್ತಿದ್ದಳು. ಎರಡು ವರ್ಷದಿಂದ ಸೇವಂತಾಳನ್ನು ಹಿಂದೆ ಹಾಕಿದ್ದ ಕೆಂಪಂಗಿಯ ಹುಡುಗಿ ಮಾತ್ರ ತನ್ನ ತೆಳು ಗಾಲಿಗಳನ್ನು ಬಡಿದು ನೋಡಿ ನಕ್ಕಳು. ಅವು ಟಣ್ ಎಂದವು.

ಸೇವಂತಾ ಸುತ್ತ ನೋಡಿದಳು. ಗುರುಗಳು ಒಂದು ಮರದ ನೆರಳಿನಲ್ಲಿ ನಿಂತು, ಕಾಗದದಲ್ಲಿ ಸೂಸಲಾ ಇಟ್ಟುಕೊಂಡು ತಿನ್ನುತ್ತಿದ್ದರು. ಚುರುಮುರಿಯನ್ನು ಅಷ್ಟು ಶ್ರದ್ಧೆಯಿಂದ ತಿಂದವರನ್ನು ಯಾರೂ ಕಂಡಿರಲಿಕ್ಕಿಲ್ಲ. ಇವಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಸೇವಂತಾ ಸೈಕಲ್ಲಿನ ಪಕ್ಕಕ್ಕೆ ಬಂದಳು. ಕೂತು, ಅಂಗೈಯಿಂದ ಗಾಲಿ ಒರೆಸಿದಳು. ಕಣ್ಣು ಮುಚ್ಚಿ, ಹಿಂದೊಮ್ಮೆ ಹೋಗಿ ಬಂದಿದ್ದ ಗಣಿಯ ರಸ್ತೆಯನ್ನು ನೆನೆದಳು. ಹೆಬ್ಬೆರಳು ಒತ್ತಿದಳು. ಮುಂದಿನದರಿಂದ ಫುಸ್ ಎಂದು ಒಂದಿಷ್ಟು ಗಾಳಿ ಬಿಟ್ಟಳು. ಹಿಂದಿನದರಿಂದ ಅದರ ಅರ್ಧ. ಮತ್ತೆ ಒತ್ತಿದಳು.

ಸಾಕು ಅನಿಸಿತು. ಎದ್ದು ನಿಂತಳು.

ಮೂವತ್ತೆರಡು ಕಿಲೋಮೀಟರು ಒಳ್ಳೆಯ ರಸ್ತೆ. ಕೆಂಪಂಗಿ ಮುಂದೆ, ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಸೇವಂತಾ. ನಡುವಿನ ಅಂತರ ನೂರು ಮೀಟರಾಯಿತು, ಇನ್ನೂರಾಯಿತು. ಗಾಳಿ ಬಿಟ್ಟು ತಪ್ಪು ಮಾಡಿದೆನೇ ಎಂದು ಒಮ್ಮೆ ಅನಿಸಿತು. ಆದರೂ ಅವಳು ಕಾಲಿನ ಲಯ ಕೆಡಿಸಲಿಲ್ಲ.

ಗಣಿಯ ರಸ್ತೆ ಬಂತು.

ಮುಂದಿನ ಮೂವರ ಸೈಕಲ್ಲುಗಳು ಹುರಿಯುವ ಬಾಣಲೆಯೊಳಗಿನ ಕಡಲೆಯಂತೆ ಪುಟಿಯತೊಡಗಿದವು. ಒಬ್ಬಳು ಪಂಚರಾಗಿ ಇಳಿದಳು. ಇನ್ನೊಬ್ಬಳು ರಸ್ತೆಯ ಅಂಚಿನಲ್ಲಿ ನುಣುಪು ಜಾಗ ಹುಡುಕುತ್ತ ಹಿಂದೆ ಬಿದ್ದಳು. ಸೇವಂತಾ ನಡುರಸ್ತೆಯಲ್ಲೇ ಹೊಡೆದಳು. ಕಲ್ಲು ಗಾಲಿಯ ಕೆಳಗೆ ಬರುತ್ತಿತ್ತು, ಗಾಲಿ ಅದನ್ನು ನುಂಗಿ ಮುಂದೆ ಹೋಗುತ್ತಿತ್ತು. ಸಪ್ಪಳವೇ ಇರಲಿಲ್ಲ. ಕಾಲಿನಲ್ಲಿ ಇನ್ನೂ ಎಷ್ಟೊಂದು ಶಕ್ತಿ ಉಳಿದಿದೆ ಎಂದು ಅವಳಿಗೇ ಆಶ್ಚರ್ಯವಾಯಿತು. ಮೂರು ಕಿಲೋಮೀಟರು ಉಳಿದಿರುವಾಗ ಕೆಂಪಂಗಿಯ ಪಕ್ಕಕ್ಕೆ ಬಂದಳು. ಆ ಹುಡುಗಿಯ ಕೈಗಳು ಹ್ಯಾಂಡಲಿನ ಮೇಲೆ ನಡುಗುತ್ತಿದ್ದವು. ಸೇವಂತಾ ಆ ನಡುಕವನ್ನು ಗುರುತಿಸಿದಳು.

ಆಮೇಲೆ ಅವಳ ಮುಂದೆ ಬರಿ ರಸ್ತೆ ಇತ್ತು.

ಗೆರೆಯ ಹತ್ತಿರ ನಿಂತಿದ್ದವರಿಗೆ ಮೊದಲು ಧೂಳು ಕಾಣಿಸಿತು, ಆಮೇಲೆ ಅದನ್ನು ಸೀಳಿಕೊಂಡು ಬಂದ ಒಂದೇ ಒಂದು ಸೈಕಲ್ಲು. ಜನ ಕೇಕೆ ಹಾಕಿದರು. ಮೈಕಿನವನಿಗೆ ಅವಳ ಹೆಸರು ಹೇಳುವ ಆತುರದಲ್ಲಿ ನಾಲಿಗೆ ತೊಡರಿತು. ಅವಳು ಗೆರೆ ದಾಟಿ, ನಿಂತು, ಹಿಂದೆ ತಿರುಗಿ ನೋಡಿದಾಗಲೂ ಎರಡನೆಯವಳು ಇನ್ನೂ ಬಂದಿರಲಿಲ್ಲ. ಸೇವಂತಾ ಹ್ಯಾಂಡಲಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಇಷ್ಟು ಖುಷಿಯಾದರೂ ಅಳು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಗುರುಗಳು ಬಂದರು. ಭೇಷ್ ಎನ್ನಲಿಲ್ಲ. ಅವಳ ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಹಿಂದಿನದನ್ನೂ ಒತ್ತಿದರು.

"ಎಷ್ಟು ಹಾಕಿದ್ದಿ?"

"ಗೊತ್ತಿಲ್ರಿ ಗುರುಗಳ."

ಗುರುಗಳು ಅಂಗಿಯ ಕಿಸೆಯಿಂದ ಗೇಜು ತೆಗೆದು ಅವಳ ಅಂಗೈಯಲ್ಲಿಟ್ಟರು. "ಹಚ್ಚಿ ನೋಡು."

ಸೇವಂತಾ ಗೇಜನ್ನು ನೋಡಿದಳು. ಗಾಲಿಯನ್ನು ನೋಡಿದಳು. ಕಣ್ಣೊರೆಸಿಕೊಂಡು ಗೇಜನ್ನು ವಾಪಸ್ ಕೊಟ್ಟಳು.

"ಇರ್ಲಿ ಬಿಡ್ರಿ."

ಗುರುಗಳು ನಕ್ಕರು. ಅವರು ಹಾಗೆ ಬಾಯಿ ತುಂಬ ನಕ್ಕಿದ್ದನ್ನು ಮಠದವರು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ನಗುತ್ತಲೇ ಹೋಗಿ, ಮರಕ್ಕೆ ಒರಗಿಸಿದ್ದ ತಮ್ಮ ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಎರಡೂ ಗಾಲಿ ಮೆತ್ತಗಾಗಿದ್ದವು. ಪಂಪನ್ನು ಅವಳ ಕೈಗೆ ಕೊಟ್ಟರು.

ಎಷ್ಟು ಹಾಕಲಿ ಎಂಬ ಮಾತು ಸೇವಂತಾಳ ಬಾಯಿಯ ತನಕ ಬಂತು. ಅವಳು ಅದನ್ನು ನುಂಗಿಕೊಂಡಳು.

"ಹತ್ತಿ ಕೂಡ್ರಿ ಗುರುಗಳ. ನಿಮ್ಮ ಭಾರ ನೋಡಬೇಕು."

ಗುರುಗಳು, ಹೇಳಿದ ಮಾತು ಕೇಳುವ ಶಿಷ್ಯನ ಹಾಗೆ, ಸೈಕಲ್ ಹತ್ತಿ ಪಕ್ಕದ ಕಂಬ ಹಿಡಿದು ಕೂತರು. ಸೇವಂತಾ ನೆಲಕ್ಕೆ ಮಂಡಿಯೂರಿ, ಬರಿ ಅಂಗೈಯಿಂದ ಆ ಗಾಲಿಯನ್ನು ಒರೆಸಿದಳು.

"ನಲವತ್ತು ವರ್ಷ ಈ ಗಾಲಿ ಯಾರ ಕೈಗೂ ಕೊಟ್ಟಿದ್ದಿಲ್ಲ," ಎಂದರು ಗುರುಗಳು. "ಹಾಕವ್ವ. ಮಠ ಇನ್ನೂ ದೂರ ಅದ."