ಹೆಸರು ಮಾರುವವನ ಭಿಕ್ಷೆ

ಕಪಿಲಾ ಹೊಳೆಯ ದಂಡೆಯಲ್ಲಿ ಒಂದು ಮಠವಿದೆ. ದೊಡ್ಡ ಮಠ ಅಂದುಕೊಳ್ಳಬೇಡಿ. ಒಂದು ಗದ್ದುಗೆ, ಒಂದು ಅಡುಗೆಮನೆ, ಮುಂದೆ ಒಂದು ಜಗಲಿ, ಅಷ್ಟೇ.

ಮಠದ ಹಿರಿಯರು ಮುದ್ದುವೀರಸ್ವಾಮಿಗಳು. ಊರವರು ಅವರನ್ನು 'ಬುದ್ಧಿ' ಎಂದು ಕರೆಯುತ್ತಾರೆ. ಬಂದು ಉಂಡು ಹೋಗುವವರು ಬಹಳ. ನಿಂತ ಶಿಷ್ಯ ಒಬ್ಬನೇ, ಪರಶಿವ.

ಪರಶಿವ ಮಠಕ್ಕೆ ಬರುವ ಮೊದಲು ಪೇಟೆಯಲ್ಲಿ ಒಂದು ವ್ಯಾಪಾರ ಕಲಿತಿದ್ದ. ಹೆಸರು ಮಾರುವ ವ್ಯಾಪಾರ.

ನಗಬೇಡಿ, ಈ ಕಾಲದಲ್ಲಿ ಅದೂ ಇದೆ. ಅಂಗಡಿಗೋ ಹೋಟೆಲಿಗೋ ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸ ಬೇಕಾಗುತ್ತದಲ್ಲ, ಆ ಹೆಸರನ್ನು ಅವರಿಗಿಂತ ಮೊದಲೇ ತಾನು ಹಿಡಿದಿಟ್ಟುಕೊಳ್ಳುವುದು. ಆಮೇಲೆ ಅವರಿಗೇ ಇಮೇಲ್ ಕಳಿಸಿ, 'ನಿಮ್ಮ ಹೆಸರು ನನ್ನ ಹತ್ತಿರ ಇದೆ, ಬೇಕೇ?' ಎಂದು ಕೇಳುವುದು.

ಮಠಕ್ಕೆ ಬಂದ ಮೇಲೂ ಅವನು ಅದನ್ನು ಬಿಟ್ಟಿರಲಿಲ್ಲ. ಬಂದ ದುಡ್ಡನ್ನು ಮಠದ ದಾಸೋಹಕ್ಕೇ ಹಾಕುತ್ತಿದ್ದ. ಹಾಗಾಗಿ ಬುದ್ಧಿಯವರು ಬೇಡ ಅಂದಿರಲಿಲ್ಲ. ಆದರೆ ಇಮೇಲಿನ ಕೆಳಗೆ ಅವನು ತನ್ನ ಹೆಸರು ಹಾಕುತ್ತಿರಲಿಲ್ಲ, ಮಠದ ಹೆಸರು ಹಾಕುತ್ತಿದ್ದ. ಮಠ ಅಂದರೆ ಜನ ನಂಬುತ್ತಾರಲ್ಲ, ಅದಕ್ಕೆ. ಅದು ಬುದ್ಧಿಯವರಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಪರಶಿವ ಮುಖ ಊದಿಸಿಕೊಂಡು ಜಗಲಿಗೆ ಬಂದ. ಬುದ್ಧಿಯವರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

"ಬುದ್ಧಿ, ಜನ ಬೈತಾರೆ."

"ಏನಂತ?"

"ಒಬ್ಬ 'ಬೇರೆ ಕೆಲಸ ಇಲ್ವೇನಯ್ಯಾ' ಅಂತಾನೆ. ಇನ್ನೊಬ್ಬ 'ಕಳ್ಳ' ಅಂತಾನೆ. ಇವತ್ತು ಗೌರಿ ಪಾಕಶಾಲೆ ಅಂತ, ಮದುವೆ ಅಡುಗೆ ಮಾಡೋರಂತೆ, 'ಹೋಗಿ ತಿರುಪೆ ಎತ್ತು' ಅಂತ ಬರೆದಿದ್ದಾರೆ. ನಾನು ಮರ್ಯಾದೆಯಾಗೇ ಕೇಳಿದ್ದೆ. ಇಂಥೋರಿಗೆ ಏನಂತ ಉತ್ತರ ಕೊಡಬೇಕು?"

"ಸೋಮವಾರ ಭಿಕ್ಷೆಗೆ ಹೋಗ್ತೀವಲ್ಲ. 'ಮುಂದೆ ಹೋಗಿ' ಅಂದವರಿಗೆ ಏನಂತೀವಿ?"

"'ಒಳ್ಳೇದಾಗಲಿ' ಅಂತೀವಿ."

"ಅದನ್ನೇ ಬರಿ."

"ಅಯ್ಯೋ ಬುದ್ಧಿ, ಅದು ಭಿಕ್ಷೆ, ಇದು ವ್ಯಾಪಾರ. ಸುಮ್ಮನಿದ್ದರೆ ತಲೆ ಮೇಲೆ ಕೂತ್ಕೋತಾರೆ."

"ಹಂಗೋ?" ಅಂದರು ಬುದ್ಧಿಯವರು. ಮತ್ತೆ ಕಲ್ಲು ಆರಿಸತೊಡಗಿದರು.

ಪರಶಿವ ಒಳಗೆ ಹೋಗಿ ಕೂತ. ಸಿಟ್ಟು ನೆತ್ತಿಗೇರಿತ್ತು. ಬರೆದ.

'ತಿರುಪೆ ಎತ್ತುವವರು ಯಾರೆಂದು ಊರಿಗೇ ಗೊತ್ತು. ಮದುವೆಮನೆಯಲ್ಲಿ ಮಿಕ್ಕದ್ದನ್ನು ಕದ್ದು ಕಟ್ಟಿಕೊಂಡು ಹೋಗುವ ನಿಮಗೆ ವೆಬ್‌ಸೈಟ್ ಬೇರೆ ಕೇಡು. ನಿಮ್ಮ ಅಡುಗೆ ನಾಯಿಯೂ ಮೂಸುವುದಿಲ್ಲ.'

ಕೆಳಗೆ ಎಂದಿನಂತೆ ಮಠದ ಹೆಸರು. ಕಳಿಸಿಬಿಟ್ಟ. ಹೊಟ್ಟೆ ತಣ್ಣಗಾಯಿತು. ಚೊಂಬು ತುಂಬ ಮಜ್ಜಿಗೆ ಕುಡಿದು ಹಾಯಾಗಿ ಮಲಗಿದ.

ಮಾರನೆಯ ದಿನ ಮಠಕ್ಕೆ ಒಬ್ಬ ಹೆಂಗಸು ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಗೆ ಅರಿಶಿನ ಮೆತ್ತಿತ್ತು, ಕೆಲಸದ ನಡುವೆ ಎದ್ದು ಬಂದ ಹಾಗಿತ್ತು.

ಅಡುಗೆಮನೆಯಿಂದ ಇಣುಕಿದ ಪರಶಿವನಿಗೆ ಗುರುತು ಸಿಕ್ಕಿತು. ಕೊನೇ ಮನೆ ಅಮ್ಮ! ಸ್ನಾನಘಟ್ಟದ ಹಿಂದಿನ ಬೀದಿಯ ಕಟ್ಟಕಡೆಯ ಮನೆಯವರು. ಬೇರೆ ಮನೆಗಳಲ್ಲಿ ಹಿಡಿ ಅಕ್ಕಿ ಬಿದ್ದರೆ ಇವರ ಮನೆಯಲ್ಲಿ ಮೊರದ ತುಂಬ ಬೀಳುತ್ತಿತ್ತು. ಮಠದ ಒಲೆಗೆ ಅದೇ ಆಧಾರ. 'ಬಿಸಿಲು ಕಣ್ಮಗಾ, ಮಜ್ಜಿಗೆ ಕುಡ್ಕೊಂಡು ಹೋಗು' ಎಂದು ನಿಲ್ಲಿಸಿಕೊಳ್ಳುತ್ತಿದ್ದ ತಾಯಿ ಅವರು.

ಅವರನ್ನು ಮಾತಾಡಿಸೋಣ ಎಂದು ಬಾಗಿಲವರೆಗೆ ಬಂದ. ಅಷ್ಟರಲ್ಲಿ ಅವರ ಮಾತು ಕೇಳಿಸಿತು.

"ನನಗೆ ಓದೋಕೆ ಬರಲ್ಲ ಬುದ್ಧಿ. ಸೊಸೆ ಓದಿದಳು. ತರಕಾರಿ ಹೆಚ್ಚೋ ಹೆಂಗಸರೆಲ್ಲ ಕೂತಿದ್ದರು, ಅವರ ಮುಂದೇನೇ ಓದಿಬಿಟ್ಟಳು. ನಾನು ಮಿಕ್ಕದ್ದು ಕದೀತೀನಂತೆ. ನನ್ನ ಅಡುಗೆ ನಾಯಿನೂ ಮೂಸಲ್ವಂತೆ."

ಬುದ್ಧಿಯವರು ಕೇಳುತ್ತಾ ಕೂತಿದ್ದರು.

"ನಾನೂ ಬೈದೆ, ಇಲ್ಲ ಅನ್ನಲ್ಲ. ನಮ್ಮ ಹೆಸರು ಅವರ ಹತ್ರ ಇದೆ, ಬೇಕಾದರೆ ದುಡ್ಡು ಕೊಡಿ ಅಂತ ಬಂದಿತ್ತು. ಫೋನಲ್ಲಿ ಮೋಸ ಮಾಡೋ ಪೈಕಿ ಅಂದ್ಕೊಂಡು ಬೈದು ಬರೆಸಿದೆ. ಆಗ ಕೆಳಗೆ ಯಾರ ಹೆಸರಿದೆ ಅಂತ ನೋಡಿರಲಿಲ್ಲ. ಈಗ ನೋಡಿದರೆ ಮಠದ ಹೆಸರಿದೆ ಅಂತಾಳೆ ಸೊಸೆ. ಸುಳ್ಳು ಅಂತ ಹೇಳಿ ಬುದ್ಧಿ. ಯಾವನೋ ಕಳ್ಳ ನಿಮ್ಮ ಹೆಸರು ಹಾಕ್ಕೊಂಡಿದ್ದಾನೆ ಅಂತ ಒಂದು ಮಾತು ಹೇಳಿ. ಅಷ್ಟು ಸಾಕು ನನಗೆ."

ಬುದ್ಧಿಯವರು ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ.

"ಮಠದ ಹೆಸರಿದ್ದರೆ ಅದು ಮಠದ್ದೇ ತಾಯಿ," ಅಂದರು. "ಮಠ ಅಂದರೆ ನಾನೇ. ತಪ್ಪಾಯಿತು."

ಎದ್ದು ನಿಂತು ಕೈ ಮುಗಿದರು. ನಡ ಬಗ್ಗಿಸಿ ಮುಗಿದರು.

"ಅಯ್ಯಯ್ಯೋ, ಬ್ಯಾಡಿ ಬುದ್ಧಿ! ನಿಮಗೆ ಫೋನ್ ಹಿಡಿಯೋಕೂ ಬರಲ್ಲ ಅನ್ನೋದು ನನಗೆ ಗೊತ್ತಿಲ್ವಾ? ಬರೆದವನಿಗೆ ಬಾಯಿಲ್ವಾ?"

ಬುದ್ಧಿಯವರು ಮುಗಿದ ಕೈ ಇಳಿಸಲಿಲ್ಲ.

ಬಾಗಿಲ ಹಿಂದೆ ಪರಶಿವ ನಿಂತಿದ್ದ. 'ನಾನು' ಅಂದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋಗುವುದನ್ನು ಬಾಗಿಲ ಸಂದಿಯಿಂದ ನೋಡಿದ.

ಅವನಿಗೆ ನಾಚಿಕೆಯಾಯಿತು. ಹಾಗೆ ಬರೆದೆನಲ್ಲ ಎಂದು ನಾಚಿಕೆ. ಅದಕ್ಕಿಂತ, ಗುರು ಕೈ ಮುಗಿದು ನಿಂತಾಗ ತಾನು ಬಾಗಿಲ ಹಿಂದೆ ಅಡಗಿದ್ದೆನಲ್ಲ ಎಂದು ನಾಚಿಕೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬುದ್ಧಿಯವರು ಒಳಗೆ ಬಂದರು. ಎಲೆ ಹಾಕಿ ಅವನಿಗೆ ಅನ್ನ ಬಡಿಸಿದರು.

"ಸಾರಿಗೆ ಉಪ್ಪು ಸರಿಯಿದೆಯೇನಪ್ಪಾ?"

ಪರಶಿವ ಎಲೆಯ ಮುಂದೆಯೇ ಅತ್ತುಬಿಟ್ಟ.

"ಬುದ್ಧಿ, ನನ್ನ ಬೈಯಿರಿ."

"ಬೈಗುಳ ತಡೆಯೋಕಾಗಲ್ಲ ಅಂತ ನಿನ್ನೆ ತಾನೇ ಬಂದಿದ್ದೆಯಲ್ಲ."

"ನೀವು ಸುಮ್ಮನಿರೋದನ್ನ ತಡೆಯೋಕಾಗ್ತಿಲ್ಲ. ನೀವು ಬೈದರೆ ಸ್ವಲ್ಪ ಹಗುರಾಗ್ತದೆ."

"ನಿನ್ನ ಹಗುರ ಮಾಡೋಕೆ ನಾನ್ಯಾಕೆ ಬೈಯಲಿ?"

ಬುದ್ಧಿಯವರು ಇನ್ನೊಂದು ಸೌಟು ಸಾರು ಬಡಿಸಿದರು.

"ಆ ತಾಯಿಯ ಹೆಸರು ಗೊತ್ತಿತ್ತೇನು ನಿನಗೆ?"

"ಕೊನೇ ಮನೆ ಅಮ್ಮ ಅಂತ..."

"ಅದು ಮನೆ. ನಾನು ಕೇಳಿದ್ದು ಹೆಸರು."

"ಗೊತ್ತಿರಲಿಲ್ಲ ಬುದ್ಧಿ. ಯಾವತ್ತೂ ಕೇಳಿರಲಿಲ್ಲ."

"ಗೌರಮ್ಮ," ಅಂದರು ಬುದ್ಧಿಯವರು. "ಊರವರ ಹೆಸರನ್ನೆಲ್ಲ ಕೂಡಿಟ್ಟುಕೊಂಡಿದ್ದೀಯ. ಅನ್ನ ಹಾಕಿದವಳದ್ದು ಗೊತ್ತಿಲ್ಲ."

ಪರಶಿವ ಕಣ್ಣೊರೆಸಿಕೊಂಡ. ಅವನಿಗೊಂದು ದಾರಿ ಹೊಳೆಯಿತು.

"ಬುದ್ಧಿ, ಆ ಗೌರಿ ಪಾಕಶಾಲೆ ಹೆಸರನ್ನ ಅವರಿಗೆ ಬಿಟ್ಟಿಯಾಗಿ ಕೊಟ್ಟುಬಿಡ್ತೀನಿ."

"ಕೊಟ್ಟು?"

"ಆಗ ಅವರು ಕ್ಷಮಿಸ್ತಾರೆ."

"ಓಹೋ! ಕ್ಷಮೆಗೂ ಬೆಲೆ ಕಟ್ಟಿ ಆಯ್ತಾ?"

ಎಲೆ ಎತ್ತಿಕೊಂಡು ಹೊರಗೆ ಹೋದರು. ಆಮೇಲೆ ಆ ಮಾತೇ ಎತ್ತಲಿಲ್ಲ.

ಸೋಮವಾರ ಬಂತು. ಜೋಳಿಗೆ ಹಾಕಿಕೊಂಡು ಇಬ್ಬರೂ ಹೊರಟರು. ಕೆಲವರು ಹಾಕಿದರು, ಕೆಲವರು 'ಮುಂದೆ ಹೋಗಿ ಸ್ವಾಮಿ' ಅಂದರು. ಪರಶಿವ ಎಲ್ಲರಿಗೂ ಸಲೀಸಾಗಿ 'ಒಳ್ಳೇದಾಗಲಿ' ಅಂದ.

ಸ್ನಾನಘಟ್ಟದ ಹಿಂದಿನ ಬೀದಿಗೆ ತಿರುಗಿದಾಗ ಅವನ ಕಾಲು ಹಿಂದೆ ಬಿತ್ತು.

"ಬುದ್ಧಿ, ಕೊನೇ ಮನೆ ಇವತ್ತು ಬಿಟ್ಟುಬಿಡೋಣ."

ಬುದ್ಧಿಯವರು ತಮ್ಮ ಹೆಗಲ ಜೋಳಿಗೆಯನ್ನೂ ತೆಗೆದು ಅವನ ಹೆಗಲಿಗೇ ಹಾಕಿದರು. ಎದುರಿಗಿದ್ದ ಹೊಂಗೆ ಮರದ ಕಟ್ಟೆಯ ಮೇಲೆ ಹೋಗಿ ಕೂತರು.

"ನನಗೆ ಕಾಲು ನೋವು ಕಣಪ್ಪಾ. ನೀನೇ ಹೋಗಿ ಕೂಗು."

ಪರಶಿವ ಬಾಗಿಲ ಮುಂದೆ ನಿಂತ. "ಭಿಕ್ಷಾ..." ಅಂದ. ಅವನಿಗೇ ಕೇಳಿಸಲಿಲ್ಲ. ಇನ್ನೊಂದು ಸಲ ಕೂಗಿದ.

ಗೌರಮ್ಮ ಬಂದರು. ಕೈಯಲ್ಲಿ ಮೊರ, ಮೊರದ ತುಂಬ ಅಕ್ಕಿ. ಎಂದಿನ ಹಾಗೆಯೇ.

"ಬಾ ಮಗಾ. ಬುದ್ಧಿಯೋರು ಬರಲಿಲ್ವಾ? ನನ್ನ ಮೇಲೆ ಬೇಜಾರೇನೋ. ಹೊತ್ತಿಗೊಬ್ಬರು ಬಂದು ಹೋಗೋ ಮಠ, ಯಾವನೋ ಪೋಲಿ ಬರೆದಿರ್ತಾನೆ. ಅದಕ್ಕೆ ಅವರ ಕೈಲಿ ಕೈ ಮುಗಿಸ್ಕೊಂಡೆನಲ್ಲ ಪಾಪಿ ನಾನು. ನಿನ್ನಂಥ ಸಾಧು ಹುಡುಗ ಇರೋ ಕಡೆ ಹಿಂಗಾಗಬಾರದಿತ್ತು. ಹಿಡಿ ಜೋಳಿಗೆ."

ಒಂದು ಗಳಿಗೆ ಪರಶಿವನಿಗೆ ಸುಮ್ಮನಿದ್ದುಬಿಡುವ ಆಸೆಯಾಯಿತು. ಅವರಿಗೆ ಗೊತ್ತೇ ಇಲ್ಲ. ಜೋಳಿಗೆ ಹಿಡಿದರೆ ಅಕ್ಕಿ ಬೀಳುತ್ತದೆ. ಒಲೆ ಉರಿಯುತ್ತದೆ. ಮಜ್ಜಿಗೆಯೂ ಸಿಗುತ್ತದೆ.

ಮೊರ ಬಾಗಿತು. ಪರಶಿವ ಜೋಳಿಗೆಯ ಬಾಯನ್ನು ಕೈಯಿಂದ ಮುಚ್ಚಿದ.

"ಹಾಕಬೇಡಿ ಅಮ್ಮ. ಅದನ್ನ ಬರೆದೋನು ನಾನು."

"ಏನು ಬರೆದೋನು?"

"ನಾಯಿನೂ ಮೂಸಲ್ಲ ಅಂತ. ನಾನೇ ಬರೆದದ್ದು. ಅವತ್ತು ನೀವು ಬಂದಾಗ ಬಾಗಿಲ ಹಿಂದೇನೇ ಇದ್ದೆ. ಬುದ್ಧಿಯೋರು ಕೈ ಮುಗಿದದ್ದು ನನ್ನ ತಪ್ಪಿಗೆ."

ಗೌರಮ್ಮ ಮೊರವನ್ನು ಎದೆಗೆ ಒತ್ತಿಕೊಂಡು ಅವನನ್ನೇ ನೋಡಿದರು.

"ನೀನಾ?"

ಅವನು ತಲೆಯಾಡಿಸಿದ.

"ನನ್ನ ಕೈ ಮಜ್ಜಿಗೆ ಕುಡಿದೋನು ನೀನಾ? ನಾಯಿನೂ ಮೂಸದ ಅಡುಗೆ ತಿಂದು ಮೈ ಬೆಳೆಸಿದೆಯಲ್ಲೋ! ನಾನು ಕದೀತೀನಾ? ಮಿಕ್ಕದ್ದು ಕಟ್ಟಿಕೊಂಡು ಹೋಗ್ತೀನಿ, ಹೌದು ಹೋಗ್ತೀನಿ. ಮದುವೆಮನೆಯೋರನ್ನ ಕೇಳಿಯೇ ಕಟ್ಟಿಸ್ಕೋತೀನಿ. ಎಲ್ಲಿಗೆ ಬರ್ತದೆ ಅಂದ್ಕೊಂಡೆ ಅದು? ನಿಮ್ಮ ಮಠದ ಪಂಕ್ತಿಗೇ ಬರ್ತದೆ ಕಣೋ!"

ಗಲಾಟೆ ಕೇಳಿ ತರಕಾರಿ ಹೆಚ್ಚುವ ಹೆಂಗಸರು ಹೊಸ್ತಿಲಿಗೆ ಬಂದು ನಿಂತರು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಗೌರಮ್ಮ ಬೈದರು. ಇಮೇಲಿನಲ್ಲಿ ಬಂದದ್ದು ಇದರ ಮುಂದೆ ಏನೂ ಅಲ್ಲ. ಪರಶಿವನ ಕಿವಿ ಕೆಂಪಾಯಿತು, ಕಣ್ಣು ತುಂಬಿತು. ಓಡಿಹೋಗಬೇಕು ಅನ್ನಿಸಿತು. ನಿಂತ.

ಉಸಿರು ತೆಗೆದುಕೊಳ್ಳಲು ಅವರು ನಿಲ್ಲಿಸಿದಾಗ, ಆಡಬಾರದ ಮಾತು ಅವನ ಬಾಯಿಂದ ಜಾರಿತು.

"ಅಮ್ಮ, ಆ ಹೆಸರನ್ನ ನಿಮಗೆ ಬಿಟ್ಟಿಯಾಗಿ ಕೊಟ್ಟುಬಿಡ್ತೀನಿ."

"ನನ್ನ ಹೆಸರನ್ನ ನನಗೇ ದಾನ ಕೊಡ್ತೀಯೇನೋ?"

ಪರಶಿವ ಕೈ ಮುಗಿದ.

"ಮುಂದೆ ಹೋಗು," ಅಂದರು ಗೌರಮ್ಮ. ಅಕ್ಕಿಯ ಮೊರ ಒಳಗೆ ಹೋಯಿತು. ಬಾಗಿಲು ಹಾಕಿಕೊಂಡಿತು.

ಬೀದಿಯೆಲ್ಲ ನೋಡುತ್ತಿತ್ತು. ಪರಶಿವ ಮುಚ್ಚಿದ ಬಾಗಿಲಿಗೆ ತಲೆಬಾಗಿಸಿದ.

"ಒಳ್ಳೇದಾಗಲಿ, ಗೌರಮ್ಮನೋರೇ."

ದನಿ ಒಡೆದಿತ್ತು. ಆದರೂ ಈ ಸಲ ಕೇಳಿಸುವಂತೆ ಅಂದ.

ಹೊಂಗೆ ಮರದ ಕಡೆ ಬಂದಾಗ ಬುದ್ಧಿಯವರು ಎದ್ದು ನಿಂತಿದ್ದರು. ಕಾಲುನೋವು ಏನಾಯಿತೋ ಕಾಣೆ. ಜೋಳಿಗೆಗಾಗಿ ಕೈ ಚಾಚಿದರು.

"ಆ ಹೆಸರನ್ನ ಅವರಿಗೆ ಸೇರಿಸಿಬಿಡ್ತೀನಿ ಬುದ್ಧಿ. ಅದು ನನ್ನದಲ್ಲ."

"ಸೇರಿಸು. ಸೇರಿಸಿದೆ ಅಂತ ಹೇಳಿಕೊಂಡು ಹೋಗಬೇಡ."

ಇಬ್ಬರೂ ಹೊಳೆಯ ಕಡೆ ನಡೆದರು. ಜೋಳಿಗೆ ಹಗುರವಾಗಿತ್ತು. ಅವತ್ತು ಮಠದಲ್ಲಿ ಗಂಜಿಯೇ ಗತಿ ಎಂದು ಇಬ್ಬರಿಗೂ ಗೊತ್ತಿತ್ತು.

ಪರಶಿವ ತಡೆಯಲಾರದೆ ಕೇಳಿದ.

"ನಿಜ ಹೇಳಿದೆ, ಬೈಸಿಕೊಂಡು ನಿಂತೆ. ಆದರೂ ಅವರು ಕ್ಷಮಿಸಲಿಲ್ಲವಲ್ಲ ಬುದ್ಧಿ?"

ಬುದ್ಧಿಯವರು ಜೋಳಿಗೆಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

"ಸೋಮವಾರ ಮತ್ತೆ ಬರ್ತದಲ್ಲಪ್ಪಾ."