ಹೊಗೆಗೆ ಕೈಮುಗಿದ ಕೆಂಚ

ಬನ್ನಿ, ಸರ್ಕೊಂಡು ಕೂತ್ಕಳಿ. ಹೂಂಗುಟ್ಟೋಕೆ ಒಬ್ಬರು ಗಟ್ಟಿ ಗಂಟಲಿನೋರು ಮುಂದಕ್ಕೆ ಬನ್ನಿ, ತೂಕಡಿಸೋರು ಹಿಂದಕ್ಕೆ ಹೋಗಿ. ಹಾಂ, ಈಗ ಕೇಳಿ.

ಒಂದೂರಲ್ಲಿ ಲಕ್ಕಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಹೆಸರು ಕೆಂಚ. ಎತ್ತಿನಂಗೆ ಮೈ, ಎತ್ತಿನಂಗೇ ಬುದ್ಧಿ. ಅಲ್ಲಲ್ಲ, ಎತ್ತಿಗೆ ಯಾಕೆ ಅವಮಾನ ಮಾಡೋದು? ಎತ್ತು ಹೊಟ್ಟೆ ತುಂಬಿದರೆ ಮೇಯೋದು ಬಿಡುತ್ತೆ. ಇವನು 'ಉಣ್ಣು' ಅಂದರೆ, ಯಾರಾದರೂ 'ಸಾಕು' ಅನ್ನೋ ತನಕ ಉಣ್ಣೋನು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದು ಕೂದಲೆಳೆ ಆಚೆ ಇಲ್ಲ ಈಚೆ ಇಲ್ಲ. ಸುಳ್ಳು ಗೊತ್ತಿಲ್ಲ, ಸೋಮಾರಿತನ ಗೊತ್ತಿಲ್ಲ, ಎದುರು ಮಾತು ಗೊತ್ತಿಲ್ಲ. ಇಷ್ಟೆಲ್ಲ ಒಳ್ಳೇದಿದ್ದೂ ಲಕ್ಕಮ್ಮ ದಿನಾ ಹಣೆ ಹಣೆ ಚಚ್ಚಿಕೊಳ್ಳೋಳು. 'ದೇವರೇ, ನನ್ನ ಕಾಲ ಮುಗಿದ ಮೇಲೆ ಇವನಿಗೆ ಹೇಳೋರು ಯಾರಪ್ಪ?'

ಆ ವರ್ಷ ಮಗಳು ನಿಂಗಿ ಬಾಣಂತನಕ್ಕೆ ಅಂತ ತವರಿಗೆ ಬಂದಿದ್ದಳು. ಹೆಣ್ಣು ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಇದು ಎರಡನೇದು. ಮೊದಲನೇದು ಕೆಮ್ಮಿ ಕೆಮ್ಮಿ, ತೊಟ್ಟಿಲಿಗೆ ಹಾಕೋ ಮುಂಚೇನೇ ಕಣ್ಣು ಮುಚ್ಚಿತ್ತು. ಅದಕ್ಕೇ ಈ ಕೂಸು ಒಂದು ಸಲ ಸೀನಿದರೆ ಸಾಕು, ಲಕ್ಕಮ್ಮನ ಎದೆ ಧಸಕ್ ಅನ್ನೋದು. 'ಇದೊಂದು ಉಳಿಸಿಕೊಡಪ್ಪ, ಬೇರೆ ಏನೂ ಕೇಳಲ್ಲ' ಅಂತ ಕಂಡ ಕಂಡ ಕಲ್ಲಿಗೆಲ್ಲ ಕೈಮುಗಿಯೋಳು.

ಅಂಥಾ ಹೊತ್ತಲ್ಲಿ ಬಚ್ಚಲಲ್ಲಿ ಲಕ್ಕಮ್ಮನ ಕಾಲು ಜಾರಿತು ನೋಡಿ! ಬಲಗೈ ಮೂಳೆ ಮುರಿದು, ಬಿದಿರು ದಬ್ಬೆ ಕಟ್ಟಿಸಿಕೊಂಡು ಕೂತಳು. ಬಾಣಂತಿ ಮನೆ ಅಂದರೆ ಗೊತ್ತಲ್ಲ, ಒಲೆ ಆರೋ ಹಂಗಿಲ್ಲ. ಎಣ್ಣೆನೀರಿಗೆ ಹಂಡೆ ಕಾಯಬೇಕು, ಸಾರು ಕುದೀಬೇಕು, ಬಟ್ಟೆ ಬೇಯಬೇಕು. ಸೌದೆ ಸೀಳೋರ್ಯಾರು? ಒಲೆ ಊದೋರ್ಯಾರು? ಇನ್ಯಾರು, ನಮ್ಮ ಕೆಂಚ!

"ಹೋಗ್ಲಾ ಮಗ, ಹಂಡೆ ಒಲೆಗೆ ಸೌದೆ ಹಾಕಿ ಬೆಂಕಿ ಹಚ್ಚು" ಅಂದಳು.

ಸೌದೆ ಹಾಕು ಅಂದಳು, ಎಷ್ಟು ಅಂತ ಹೇಳಲಿಲ್ಲ. ಕೆಂಚ ಹಾಕಿದ, ಹಾಕಿದ, ಒಲೆ ಬಾಯಿ ತುಂಬಿ ಹೊರಗೆ ಚಾಚಿಕೊಳ್ಳೋ ತನಕ ತುರುಕಿದ. ಬೆಂಕಿ ಹಚ್ಚಿದ. ಬೆಂಕಿ ಎಲ್ಲಿ ಹತ್ತುತ್ತೆ? ಬರೀ ಹೊಗೆ! ಅಡುಗೆ ಮನೆ ತುಂಬ ಹೊಗೆ, ಪಡಸಾಲೆ ತುಂಬ ಹೊಗೆ. ಇವನು ಊದುಗೊಳವೆ ಹಿಡಿದು ಉಸ್ ಉಸ್ ಅಂತಾನೆ, ಹೊಗೆ ಬುಸ್ ಬುಸ್ ಅನ್ನುತ್ತೆ. ಒಳಗಿನ ಕೋಣೇಲಿ ನಿಂಗಿ ಕೆಮ್ಮಿದಳು. ಅವಳ ಹಿಂದೆಯೇ ಕೂಸು, ಕುಕ್ ಕುಕ್ ಅಂತ.

ಲಕ್ಕಮ್ಮ ಓಡಿ ಬಂದಳು. "ಅಯ್ಯೋ ನಿನ್ನ ಮನೆ ಹಾಳಾಗ! ಅಯ್ಯೋ, ಅದು ನನ್ನ ಮನೇನೇ ಅಲ್ವಾ! ಒಲೆಗೂ ಉಸಿರು ಬೇಕು ಕಣ್ಲಾ ಬೆಪ್ಪೇ! ಒಳಗೆ ಎರಡೇ ಎರಡು ಇಡು. ಒಂದು ಆ ಕಡೆ, ಒಂದು ಈ ಕಡೆ, ನಡುವೆ ಗಾಳಿ ಆಡಬೇಕು. ಮಿಕ್ಕಿದ್ದು ಆಚೆ ಇರಲಿ. ಒಳಗಿರೋವು ಉರಿದು ಹೋದ ಮೇಲೆ ಇನ್ನೆರಡು ತಗೊಂಡರಾಯ್ತು. ತಿಳೀತಾ?"

"ತಿಳೀತವ್ವ."

ತಿಳೀತು ಅಂದಮೇಲೆ ತಿಳೀತು. ಎರಡೇ ಇಟ್ಟ. ಉರಿ ಧಗ್ ಅಂತ ಹತ್ತಿತು, ಅರ್ಧ ಸೌದೇಲಿ ಹಂಡೆ ನೀರು ಕುದೀತು. 'ಪರವಾಗಿಲ್ಲ ನನ್ನ ಮಗ' ಅಂದುಕೊಂಡಳು ಲಕ್ಕಮ್ಮ. ಅಂದುಕೊಳ್ಳಬಾರದಾಗಿತ್ತು!

ಮಾರನೇ ದಿನ ಬೀಗರು ಬಂದರು, ಕೂಸು ನೋಡೋಕೆ. ನಿಂಗಿ ಅತ್ತೆ ಹೊನ್ನಮ್ಮ, ಅವಳ ಗಂಡ, ಹಿಂದೆ ನೆಂಟರಿಷ್ಟರು. ಈ ಹೊನ್ನಮ್ಮ ಅಂದರೆ ಬೆಂಕಿ ಕೆಂಡ, ಮೂಗಿನ ತುದೀಲಿ ಕೋಪ. ಲಕ್ಕಮ್ಮ ಒಂದೇ ಕೈಲಿ ಒಗ್ಗರಣೆ ಹಾಕುತ್ತಿದ್ದಳು. ಅಲ್ಲಿಂದಲೇ ಕೂಗಿದಳು, "ಬೀಗರನ್ನ ಒಳಗೆ ಕೂರಿಸ್ಲಾ ಕೆಂಚ!"

ಒಳಗೆ ಅಂದರೆ? ಎರಡೇ ಎರಡು! ಕೆಂಚ ಹೊನ್ನಮ್ಮನ್ನ ಆ ಗೋಡೆಗೆ ಕೂರಿಸಿದ, ಅವಳ ಗಂಡನ್ನ ಈ ಗೋಡೆಗೆ ಕೂರಿಸಿದ. ನಡುವೆ ನಿಂತು ಕೈಯಾಡಿಸಿ ನೋಡಿದ, ಗಾಳಿ ಆಡ್ತಿತ್ತು. ಮಿಕ್ಕೋರು ಹೊಸ್ತಿಲು ದಾಟೋಕೆ ಬಂದರೆ ಎರಡೂ ಕೈ ಅಡ್ಡ ಹಿಡಿದ.

"ನೀವು ಆಚೆ ಇರಿ! ಒಳಗಿರೋ ಅತ್ತೆ ಮಾವ ಉರಿದು ಹೋಗಲಿ, ಆಮೇಲೆ ನಿಮ್ಮಲ್ಲಿ ಇಬ್ಬರನ್ನ ತಗೋತೀನಿ!"

ಶಿವ ಶಿವಾ! ಹೊನ್ನಮ್ಮ ಎದ್ದು ನಿಂತಳು. "ಏನಂದ? ಏನಂದ ಇವನು? ನಾವು ಉರಿದು ಹೋಗಬೇಕಾ?"

ಲಕ್ಕಮ್ಮ ಸೌಟು ಬಿಸಾಕಿ ಓಡಿ ಬಂದು, ಕೈಕಾಲು ಹಿಡಿದು, ಎಲ್ಲರನ್ನೂ ಒಳಗೆ ಕರೆದು ಕೂರಿಸೋ ಹೊತ್ತಿಗೆ ಸಾಕು ಸಾಕಾಯ್ತು. ಮಗನ್ನ ಹಿತ್ತಲಿಗೆ ಎಳಕೊಂಡು ಹೋಗಿ ಕಿವಿ ಹಿಂಡಿದಳು.

"ಅದು ಒಲೆಗೆ ಹೇಳಿದ ಮಾತು ಕಣೋ! ಮನೆಗೆ ಬಂದೋರನ್ನ ಯಾರಾದರೂ ಆಚೆ ನಿಲ್ಲಿಸ್ತಾರಾ? ಬಾಯಿ ತುಂಬ ಬನ್ನಿ ಬನ್ನಿ ಅನ್ನಬೇಕು. ಮೊದಲು ಕಾಲಿಗೆ ನೀರು ಕೊಡಬೇಕು. ಎಲ್ಲರನ್ನೂ ಒಳಗೆ ಕರ್ಕೊಬೇಕು. ತಿಳೀತಾ?"

"ತಿಳೀತವ್ವ."

ಬೀಗ, ನೆಂಟರು ಉಂಡು ಹೊರಟರು. ಹೊನ್ನಮ್ಮ ಮಾತ್ರ ಉಳಿದಳು. ಉಳಿದದ್ದು ಯಾಕೆ ಅಂತೀರಿ? ಮೊಮ್ಮಗಳ ಮೇಲಿನ ಆಸೆ ಅರ್ಧ, ಈ ಮನೇಲಿ ಕೂಸು ಉಳಿಯುತ್ತೋ ಇಲ್ಲವೋ ಅನ್ನೋ ಅನುಮಾನ ಅರ್ಧ. "ಇನ್ನೊಂದು ಸಲ ಕೂಸು ಕೆಮ್ಮಲಿ ಲಕ್ಕಮ್ಮ, ಬಾಣಂತೀನ ಗಾಡಿ ಮೇಲೆ ಹಾಕ್ಕೊಂಡು ಹೋಗ್ತೀನಿ, ಆಮೇಲೆ ಹೇಳಲಿಲ್ಲ ಅನ್ನಬೇಡ" ಅಂದಳು. ಲಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ಒಲೆ ಕಡೆ ಹೋದಳು. ಹಸೀ ಮೈ ಬಾಣಂತೀನ ತವರಿಂದ ಎಬ್ಬಿಸಿಕೊಂಡು ಹೋದರೆ ಊರಲ್ಲಿ ಮುಖ ಎತ್ತಿ ತಿರುಗೋದು ಹೆಂಗೆ?

ಆಮೇಲೆ ಒಂದು ದಿನ ಗಾಡಿ ಸೌದೆ ಬಂತು. ಒಳ್ಳೇ ಜಾಲಿ ಸೌದೆ, ಬಿಸಿಲಲ್ಲಿ ಒಣಗಿ ಗಲಗಲ ಅನ್ನೋದು. ಕೆಂಚ ಬಾಗಿಲಿಗೆ ಓಡಿದ. ಮನೆಗೆ ಬಂದೋರಲ್ಲವಾ! "ಬನ್ನಿ ಬನ್ನಿ ಬನ್ನಿ!" ಅಂದ. ಬಿಂದಿಗೆ ತಂದು ಒಂದೊಂದಕ್ಕೂ ನೀರು ಹುಯ್ದ. ಹುಯ್ದು ಹುಯ್ದು ಎಲ್ಲವನ್ನೂ ಒಳಗೆ ಕರ್ಕೊಂಡ. ಒಂದನ್ನೂ ಆಚೆ ನಿಲ್ಲಿಸಲಿಲ್ಲ.

ಸಂಜೆ ಒಲೆ ಹಚ್ಚಿದರೆ ಸುಯ್ಯ್ ಅಂತ ನೊರೆ ಬರುತ್ತೆ, ಉರಿ ಬರಲ್ಲ. ಮತ್ತೆ ಹೊಗೆ, ಮತ್ತೆ ಕೂಸಿಗೆ ಕೆಮ್ಮು!

"ಸೌದೆ ಯಾಕ್ಲಾ ನೆಂದೈತೆ?"

"ಕಾಲಿಗೆ ನೀರು ಕೊಟ್ಟೆ ಅವ್ವ. ಕಾಲು ಯಾವುದು, ತಲೆ ಯಾವುದು ಅಂತ ಗೊತ್ತಾಗಲಿಲ್ಲ. ಅದಕ್ಕೇ ಎರಡೂ ಕಡೆ ಹುಯ್ದೆ."

ಲಕ್ಕಮ್ಮ ಅಳಬೇಕೋ ನಗಬೇಕೋ ತಿಳೀದೆ ನೆಲಕ್ಕೆ ಕುಸಿದಳು. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ಹಸೀದು ಒಲೆಗೆ ಹಾಕಿದರೆ ನೀರು ಕುದಿಯಲ್ಲ, ಬರೀ ಕಣ್ಣೀರು ಬರುತ್ತೆ. ಬಿಸಿಲಿಗೆ ಹಾಕಬೇಕು. ಒಳಗೆ ತರೋ ಮುಂಚೆ ಒಂದಕ್ಕೊಂದು ಬಡಿದು ನೋಡಬೇಕು. ಠಣ್ ಅಂದರೆ ಒಣಗೈತೆ. ದಬ್ ಅಂದರೆ ಇನ್ನೂ ಹಸಿ, ಬಿಸಿಲಿಂದ ಎಬ್ಬಿಸಬೇಡ. ತಿಳೀತಾ?"

"ತಿಳೀತವ್ವ."

ಆ ವಾರ ಎಣ್ಣೆನೀರು. ಕೂಸಿಗೆ ನೀರು ಹಾಕೋಕೆ ಸೂಲಗಿತ್ತಿ ಮುದ್ದಜ್ಜಿ ಬಂದಿದ್ದಳು. ಹಂಡೇಲಿ ನೀರು ಮಿಕ್ಕಿತ್ತು ಅಂತ ಹೊನ್ನಮ್ಮನೂ ತಲೆಗೆ ಹಾಕ್ಕೊಂಡಳು, ಮುದ್ದಜ್ಜಿಯೂ ಹಾಕ್ಕೊಂಡಳು. ಇಬ್ಬರೂ ಅಂಗಳದ ಬಿಸಿಲಿಗೆ ಕೂತು ಕೂದಲು ಹರವಿಕೊಂಡು ಊರ ಮಾತು ಆಡುತ್ತಿದ್ದರು. ಒಳಗಿಂದ ಲಕ್ಕಮ್ಮ ಕೂಗಿದಳು, "ಅಡುಗೆ ಆಯ್ತು ಕಣ್ಲಾ ಕೆಂಚ, ಅವರ ತಲೆ ಒಣಗಿದ್ದರೆ ಒಳಗೆ ಕರ್ಕೊಂಡು ಬಾ!"

ನಿಮಗೆ ಗೊತ್ತಾಯ್ತಲ್ಲ! ಅವಳಿಗೆ ಗೊತ್ತಾಗಲಿಲ್ಲ ಪಾಪ.

ಕೆಂಚ ಹಿಂದಿನಿಂದ ಬಂದ. ಹೊನ್ನಮ್ಮನ ತಲೆ ಒಂದು ಕೈಲಿ, ಮುದ್ದಜ್ಜಿ ತಲೆ ಒಂದು ಕೈಲಿ. ದಬ್!

"ಅಯ್ಯಯ್ಯಪ್ಪೋ!"

"ಅವ್ವಾ, ದಬ್ ಅಂತು! ಇನ್ನೂ ಹಸಿ!"

ಹೊನ್ನಮ್ಮ ಹಣೆ ಹಿಡ್ಕೊಂಡು ಎದ್ದಳು. "ನಾನೀಗಲೇ ಹೊರಟೆ! ಗಾಡಿ ತಂದು ಸೊಸೇನ ಕರ್ಕೊಂಡು ಹೋಗ್ತೀನಿ!" ಕೆಂಚ ಸೆರಗು ಹಿಡಿದು ಎಳೆದ. "ಕೂತ್ಕಳಿ ಅತ್ತೆ, ಹಸೀದನ್ನ ಎಬ್ಬಿಸಬಾರದು!" ಅವಳು ಬಾಗಿಲಿಗೆ ಹೋದರೆ ಇವನು ಬಾಗಿಲಿಗೆ ಅಡ್ಡ. ಅವಳು ಗೇಟಿಗೆ ಹೋದರೆ ಇವನು ಗೇಟಿಗೆ ಅಡ್ಡ.

ಲಕ್ಕಮ್ಮ ಮಗನ ರಟ್ಟೆ ಹಿಡಿದು ಜಗ್ಗಿದಳು. "ಬಿಡೋ ಮುಂಡೇದೇ! ಹೊರಟು ನಿಂತೋರಿಗೆ ಅಡ್ಡ ನಿಲ್ಲಬಾರದು. ದಾರಿ ಬಿಟ್ಟುಕೊಡಬೇಕು. ಹೆಣ್ಣುಮಕ್ಕಳಾದರೆ ಕುಂಕುಮ ಕೊಟ್ಟು, ಕೈಮುಗಿದು, ಹೋಗಿ ಬನ್ನಿ ಅನ್ನಬೇಕು. ಒಂದಷ್ಟು ದೂರ ಜೊತೆಗೆ ನಡೆದು ಕಳಿಸಿ ಬರಬೇಕು. ಇದೊಂದಾದರೂ ನೆಟ್ಟಗೆ ತಿಳ್ಕೊಳ್ಳೋ!"

"ತಿಳೀತವ್ವ."

ಹೊನ್ನಮ್ಮ ಕುಂಕುಮ ತಗೊಂಡಳು, ಸಿಟ್ಟು ಬಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಬೆರಳು ಆಡಿಸಿದಳು. "ಚಳಿಗಾಳಿ ಎದ್ದೈತೆ. ನಾನು ಗಾಡಿ ತರೋ ತನಕ ನನ್ನ ಮೊಮ್ಮಗಳಿಗೆ ಒಂದು ಚೂರು ಗಾಳಿ ಸೋಕಬಾರದು. ಒಲೆ ಕೆಂಡ ಬಾಂಡ್ಲಿಗೆ ತುಂಬಿ ಮಂಚದ ಕೆಳಗೆ ಇಡು. ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕು. ಬಾಗಿಲು ಮುಚ್ಚು."

ಲಕ್ಕಮ್ಮ ಹೆದರಿದ್ದಳು. ಹೆದರಿದೋರಿಗೆ ಬುದ್ಧಿ ಎಲ್ಲಿರುತ್ತೆ? ಬೀಗಿತ್ತಿ ಹೇಳಿದ್ದನ್ನ ಚಾಚೂ ತಪ್ಪದೆ ಮಾಡಿದಳು. ಬಾಂಡ್ಲಿ ತುಂಬ ಕೆಂಡ ಸುರಿದಳು, ಕೆಂಡದ ಜೊತೆ ಅರ್ಧಂಬರ್ಧ ಉರಿದ ಕೊಳ್ಳಿಯೂ ಬಿತ್ತು. ಹಳೇ ಸೀರೆ ಹಲ್ಲಲ್ಲಿ ಕಚ್ಚಿ ಹರಿದು ಸಂದಿ ಸಂದಿಗೆ ತುರುಕಿದಳು. ನಿಂಗಿ, "ಅವ್ವ, ಯಾಕೋ ಉಸಿರು ಕಟ್ಟುತ್ತೆ" ಅಂದಳು. "ಸುಮ್ಮನೆ ಮಲಕ್ಕೋ ಮಗ, ಬೆಚ್ಚಗಿರುತ್ತೆ" ಅಂದಳು ಲಕ್ಕಮ್ಮ. ಬಾಗಿಲು ಎಳಕೊಂಡಳು. ಕೂಸಿನ ಕೆಮ್ಮಿಗೆ ಬಜೆ ಬೇರು ಬೇಕಿತ್ತು, ಮುದ್ದಜ್ಜಿ ಆಗಲೇ ಮನೆಗೆ ಹೋಗಿದ್ದಳು.

"ನೋಡ್ಲಾ ಕೆಂಚ, ಅಜ್ಜಿ ಮನೆಗೆ ಹೋಗಿ ಬರ್ತೀನಿ. ನಾನು ಬರೋ ತನಕ ಈ ಬಾಗಿಲು ತೆಗೀಬೇಡ."

"ತೆಗೆಯಲ್ಲವ್ವ."

ಬಜೆ ತಗೊಂಡು, ಮುದ್ದಜ್ಜೀನೂ ಕರ್ಕೊಂಡು, ಲಕ್ಕಮ್ಮ ಬೀದಿ ತಿರುವಿಗೆ ಬಂದಳು. ಬಂದು ನೋಡ್ತಾಳೆ, ಮನೆ ಮುಂದೆ ಜನವೋ ಜನ! ಎಲ್ಲರೂ ತಲೆ ಎತ್ತಿ ನೋಡ್ತಾವ್ರೆ. ಮನೆ ಮೇಲೆ ಅವಳ ಮಗ! ಬಾಣಂತಿ ಕೋಣೆ ಮೇಲಿನ ಹೆಂಚು ಒಂದೊಂದಾಗಿ ಕಿತ್ತು ಅಂಗಳಕ್ಕೆ ಎಸೀತಾವ್ನೆ, ಫಳ್ ಫಳ್ ಅಂತ ಒಡೀತಾವೆ. ತೆರೆದ ಬಾಯಿಂದ ಹೊಗೆ ದಂಡಾಗಿ ಮೇಲೇಳ್ತೈತೆ. ಇವನು ಒಂದು ಕೈಲಿ ಕುಂಕುಮದ ಭರಣಿ ಹಿಡ್ಕೊಂಡು, ಬಗ್ಗಿ ಬಗ್ಗಿ ಹೇಳ್ತಾವ್ನೆ, "ಹೋಗಿ ಬನ್ನಿ! ಹೋಗಿ ಬನ್ನಿ! ನಿಧಾನಕ್ಕೆ ಹೋಗಿ ಬನ್ನಿ!"

"ಅಯ್ಯೋ ಮನೆಹಾಳ! ಚಳಿಗಾಳಿ ಕಣೋ! ಕೂಸು ಕಣೋ!"

"ನೀನೇ ಹೇಳಿದ್ದಲ್ಲವ್ವ!" ಅಂತ ಮೇಲಿಂದ ಕೂಗಿದ. "ಪಾಪ, ಇವರು ಹೊರಡಬೇಕು ಅಂತ ಬಾಗಿಲ ಸಂದೀಲಿ ಬಂದು ನಿಂತಿದ್ದರು. ಹೊರಟೋರಿಗೆ ದಾರಿ ಬಿಡು ಅಂದೆ. ಬಾಗಿಲು ತೆಗೀಬೇಡ ಅಂತಲೂ ಅಂದೆ. ಅದಕ್ಕೇ ಇಲ್ಲಿಂದ ಬಿಟ್ಟೆ! ಹೆಣ್ಣೋ ಗಂಡೋ ತಿಳೀಲಿಲ್ಲ, ಇರಲಿ ಅಂತ ಕುಂಕುಮಾನೂ ತಂದೆ!"

ಲಕ್ಕಮ್ಮ ಬಾಗಿಲು ತಳ್ಳಿ ಒಳಗೆ ನುಗ್ಗಿದಳು. ನಿಂಗಿ ಮಂಚದ ಅಂಚಿಗೆ ಒರಗಿದ್ದಳು, ಕಣ್ಣು ಮೇಲೆ ಕೆಳಗೆ ಆಗ್ತಿತ್ತು, ಮಾತು ತೊದಲುತ್ತಿತ್ತು. ಕೂಸು ಬಟ್ಟೆ ಗಂಟಿನಂಗೆ ಸುಮ್ಮನೆ ಬಿದ್ದಿತ್ತು. ಮುದ್ದಜ್ಜಿ ಕೂಸನ್ನ ಬಾಚಿ ಎತ್ತಿ, ಹೆಂಚು ಕಿತ್ತ ಜಾಗದ ಕೆಳಗೆ ಹಿಡಿದಳು. ಮೇಲಿಂದ ತಣ್ಣನೆ ಗಾಳಿ ಸುಯ್ ಅಂತ ಇಳೀತು. ಕೂಸಿನ ಮೂಗು ಅರಳಿತು, ತುಟಿ ಅದುರಿತು. ಆಮೇಲೆ ಅತ್ತಿತು ನೋಡಿ! ಕ್ವಾ ಅಂತ, ಇಡೀ ಕೇರಿಗೆ ಕೇಳೋ ಹಂಗೆ!

ನಿಂಗಿ ಅಂಗಳಕ್ಕೆ ಬಂದು ವಾಂತಿ ಮಾಡ್ಕೊಂಡು, ನೀರು ಕುಡಿದು, "ಅವ್ವಾ, ಕೂಸೆಲ್ಲಿ?" ಅಂದಳು. ಅಷ್ಟು ಹೊತ್ತಿಗೆ ಲಕ್ಕಮ್ಮನಿಗೂ ಉಸಿರು ಬಂತು.

ಮುದ್ದಜ್ಜಿ ಬಾಂಡ್ಲೀನ ಕಾಲಲ್ಲಿ ಒದ್ದು ಆಚೆ ತಳ್ಳಿದಳು. "ಮುಚ್ಚಿದ ಕೋಣೇಲಿ ಯಾರೇ ಕೆಂಡ ಇಡ್ತಾರೆ? ಕೆಂಡ ಇಟ್ಟರೆ ಕಿಟಕಿ ತೆಗೀಬೇಕು. ಕೆಂಡದ ಗಾಳಿ ಸದ್ದಿಲ್ಲದೆ ಜೀವ ತಿನ್ನುತ್ತೆ. ಇನ್ನೊಂದು ಗಳಿಗೆ ಹೋಗಿದ್ದರೆ ಇಬ್ಬರೂ ಇರ್ತಿರಲಿಲ್ಲ ಲಕ್ಕಮ್ಮ. ನನ್ನ ತಲೆ ಕುಟ್ಟಿದರೂ ಪರವಾಗಿಲ್ಲ, ನಿನ್ನ ಮಗ ನೂರು ವರ್ಷ ಬಾಳಲಿ!"

ಗಾಡಿ ತಂದ ಹೊನ್ನಮ್ಮನೂ ಬಾಗಿಲಲ್ಲಿ ನಿಂತು ಅದನ್ನೆಲ್ಲ ಕೇಳಿದಳು. ಮೊಮ್ಮಗಳನ್ನ ಎದೆಗವಚಿಕೊಂಡು ಅತ್ತಳು. ಗಾಡಿ ಖಾಲಿ ವಾಪಸ್ ಕಳಿಸಿದಳು.

ಲಕ್ಕಮ್ಮ ಅಂಗಳಕ್ಕೆ ಬಂದು ಮೇಲೆ ನೋಡಿದಳು. ಕಂಡ ಕಂಡ ಕಲ್ಲಿಗೆಲ್ಲ ಮುಗಿದ ಕೈ ಈಗ ಮಗನ ಕಡೆ ಎತ್ತಿದಳು, ದಬ್ಬೆ ಕಟ್ಟಿದ ಕೈ ಸಮೇತ. "ನನ್ನಪ್ಪಾ! ನನ್ನ ದೇವರೇ! ನಿನ್ನಿಂದ ಎರಡು ಜೀವ ಉಳೀತು ಕಣೋ. ನಿನ್ನ ಋಣ ಹೆಂಗೆ ತೀರಿಸಲಿ? ಬಾರಪ್ಪ ಕೆಳಗೆ!"

"ಇರವ್ವ, ಇವರನ್ನ ಒಂದಷ್ಟು ದೂರ ಕಳಿಸಿ ಬರ್ತೀನಿ!"

ಅಂದೋನೇ ಹೊಗೆ ಜೊತೆ ನಡೆದ. ಹೊಗೆ ಮುಂದೆ ಮುಂದೆ, ಇವನು ಹಿಂದೆ ಹಿಂದೆ, ಕೈಮುಗಿದುಕೊಂಡು. ಹೆಂಚು ಮುಗೀತು. ಹೊಗೆ ಹೋಯ್ತು, ಕೆಂಚನೂ ಹೋದ!

ದೊಪ್ ಅಂತ ಬಿದ್ದ, ಪುಣ್ಯಕ್ಕೆ ತಿಪ್ಪೆ ಮೇಲೆ. ಕುತ್ತಿಗೆ ತನಕ ಸಗಣಿ, ಮುಗಿದ ಕೈ ಮುಗಿದಂಗೇ ಇತ್ತು. ಲಕ್ಕಮ್ಮ ಬಿದ್ದೂ ಎದ್ದೂ ಓಡಿದಳು. ಒಂದೇ ಕೈಲಿ ಅವನ ತಲೆ ತಬ್ಬಿ, ಸಗಣಿ ಕೆನ್ನೆಗೇ ಮುತ್ತು ಕೊಟ್ಟು, ಅಳ್ತಾಳೆ, ನಗ್ತಾಳೆ, ಒಂದು ಮಾತು ಬೈಯಲಿಲ್ಲ.

ಕೆಂಚ ಅವ್ವನ ಮುಖ ನೋಡಿದ. ಕಾದ. ಇನ್ನೂ ಕಾದ. ಆಮೇಲೆ ಅವನಿಗೆ ಗಾಬರಿ ಹತ್ತಿತು.

"ಬೈಯವ್ವ! ನೀನು ಬೈಯದಿದ್ದರೆ ನಾಳೆ ನಾನು ಏನು ಮಾಡಲಿ?"